ಸತ್ತ ನ್ಯಾಸ್ ಡಬ್ಬಿಯಿಂದ ಫೈಲ್ ತೆಗೆಯುವ ದಾರಿಗಳು: ಮಾಡಿ ನೋಡಿದ ಹೋಲಿಕೆ

ಶಿರಸಿಯಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ, ಉಪನಯನ, ಜಾತ್ರೆ, ಯಕ್ಷಗಾನ ಎಲ್ಲ ತೆಗೆಯುತ್ತೇವೆ. 11 ವರ್ಷದ ಕೆಲಸ ಒಂದೇ ನ್ಯಾಸ್ ಡಬ್ಬಿಯಲ್ಲಿತ್ತು. ರೌಟರ್‌ಗೆ ಸಿಕ್ಕಿಸಿಟ್ಟರೆ ಸ್ಟುಡಿಯೊದ ಎಲ್ಲ ಕಂಪ್ಯೂಟರ್‌ಗೂ ಕಾಣುವ ಹಾರ್ಡ್‌ಡಿಸ್ಕ್ ಪೆಟ್ಟಿಗೆ ಅದು. ಒಳಗೆ 4 ಟಿಬಿಯ ಎರಡು ಡಿಸ್ಕ್. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಕೂರುತ್ತದೆ. ಇದಕ್ಕೆ ರೇಡ್-1 ಅಥವಾ ಮಿರರ್ ಅನ್ನುತ್ತಾರೆ. ಎರಡು ಪ್ರತಿ ಇದೆಯಲ್ಲ, ಇನ್ನೇನು ಭಯ ಅಂತ ನಾನು ನೆಮ್ಮದಿಯಾಗಿದ್ದೆ.

2024ರ ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುಂಚಿನ ಗುಡುಗು ಶುರುವಾಗಿತ್ತು. ಒಂದು ಸಂಜೆ ಕರೆಂಟ್ ನಾಲ್ಕೈದು ಸಲ ಹೋಗಿ ಬಂತು. ಬೆಳಿಗ್ಗೆ ನೋಡಿದರೆ ಡಬ್ಬಿ ಏಳಲೇ ಇಲ್ಲ. ದೀಪ ಮಿಣುಕುತ್ತಿತ್ತು, ಅಷ್ಟೇ. ಮುಂದಿನ ಮೂರು ವಾರ ನಾನು ಬೇರೆ ಬೇರೆ ದಾರಿ ಹಿಡಿದು ನೋಡಿದೆ. ಯಾವುದರಲ್ಲಿ ಎಷ್ಟು ಬಂತು, ಯಾವುದು ಅಪಾಯ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿರುವ ಯಾರಿಗಾದರೂ ಬೇಕಾಗುತ್ತದೆ.

ಮೊದಲು ಮಾಡಿದ್ದೇ ತಪ್ಪು ಕೆಲಸ. ಎರಡನೇ ಖಾನೆಯ ಡಿಸ್ಕ್ ಬಿಚ್ಚಿಕೊಂಡು ಪರಿಚಯದ ಕಂಪ್ಯೂಟರ್ ಅಂಗಡಿಗೆ ಹೋದೆ. ವಿಂಡೋಸ್‌ಗೆ ಸಿಕ್ಕಿಸಿದ ಕೂಡಲೇ ‘ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳಿತು. ಇದನ್ನು ನೋಡಿ ತುಂಬಾ ಜನ ಎಲ್ಲ ಹೋಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಇಂಥ ಡಬ್ಬಿಗಳ ಒಳಗೆ ಸಾಮಾನ್ಯವಾಗಿ ಓಡುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಬೇರೆ ವ್ಯವಸ್ಥೆ. ಡಿಸ್ಕಿನ ಮೇಲಿನ ಬರವಣಿಗೆಯೂ ಲಿನಕ್ಸ್‌ನದ್ದೇ. ವಿಂಡೋಸ್‌ಗೆ ಅದು ತಾನಾಗಿ ಓದಲು ಬರುವುದಿಲ್ಲ, ಅದಕ್ಕೇ ಖಾಲಿ ಡಿಸ್ಕ್ ಎಂದುಕೊಂಡು ಕೇಳುತ್ತದೆ. ಆ ಪ್ರಶ್ನೆಗೆ ಯಾವತ್ತೂ ‘ಕ್ಯಾನ್ಸಲ್’ ಒತ್ತಿ.

ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಒಂದು ಉಚಿತ ರಿಕವರಿ ಪ್ರೋಗ್ರಾಂ ಹಾಕಿ ನೇರವಾಗಿ ಅದೇ ಡಿಸ್ಕನ್ನು ಸ್ಕ್ಯಾನ್ ಮಾಡಲು ಕೂರಿಸಿದೆವು. ನಾಲ್ಕು ಗಂಟೆಯಲ್ಲಿ 11 ಪರ್ಸೆಂಟ್ ಆಯಿತು. ಆಮೇಲೆ ಅಲ್ಲೇ ನಿಂತುಬಿಟ್ಟಿತು. ಡಿಸ್ಕಿನ ಹತ್ತಿರ ಕಿವಿ ಇಟ್ಟರೆ ಒಂದು ಸಣ್ಣ ಟಿಕ್, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಿಕ್. ಕೈಕಾಲು ತಣ್ಣಗಾಯಿತು. ವೈರ್ ತೆಗೆದು ಕಾರವಾರಕ್ಕೆ ಫೋನ್ ಮಾಡಿದೆ. ಅಲ್ಲಿ ನನ್ನ ಭಾವ ಒಂದು ಕಾಲೇಜಿನ ಲ್ಯಾಬ್‌ನಲ್ಲಿದ್ದಾನೆ, ದಿನವಿಡೀ ಲಿನಕ್ಸ್‌ನಲ್ಲೇ ಕೆಲಸ. ಅವನು ಹೇಳಿದ್ದು ಇಷ್ಟೇ: “ಭಾವಾ, ಮೊದ್ಲು ಕಾಪಿ. ಬಾಕಿದ್ದೆಲ್ಲ ಆಮೇಲೆ.”

ಆ ಕಾಪಿ ತೆಗೆಯಲು ಅವನು ಹೇಳಿದ ಸಾಧನ ಗ್ನೂ ಡಿಡಿರೆಸ್ಕ್ಯೂ. ದುಡ್ಡು ಕೊಡಬೇಕಿಲ್ಲ. ಪೆನ್‌ಡ್ರೈವ್‌ನಿಂದ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಚ್ಚಿ, ಅದರಲ್ಲಿ ಹಾಕಿಕೊಂಡರಾಯಿತು. 8 ಟಿಬಿಯ ಒಂದು ಹೊಸ ಡಿಸ್ಕ್ ಮತ್ತು ಬಿಚ್ಚಿದ ಡಿಸ್ಕನ್ನು ಕಂಪ್ಯೂಟರ್‌ಗೆ ಸಿಕ್ಕಿಸುವ, ಕರೆಂಟಿಗೆ ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಡಾಕ್ ಕೊಂಡೆ. ದೊಡ್ಡ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಬರೀ ಯುಎಸ್‌ಬಿ ವೈರಿನಲ್ಲಿ ಅದು ತಿರುಗುವುದಿಲ್ಲ.

ನೇರ ಸ್ಕ್ಯಾನ್‌ಗೂ ಡಿಡಿರೆಸ್ಕ್ಯೂಗೂ ಇರುವ ವ್ಯತ್ಯಾಸ ಪಕ್ಕಪಕ್ಕದಲ್ಲಿ ನೋಡಿದಾಗಲೇ ನನಗೆ ಗೊತ್ತಾಗಿದ್ದು. ಆ ಸ್ಕ್ಯಾನ್ ಪ್ರೋಗ್ರಾಂ ಕೆಟ್ಟ ಜಾಗ ಸಿಕ್ಕಲ್ಲೇ ನಿಂತು ಅದನ್ನೇ ಮತ್ತೆ ಮತ್ತೆ ಕೆರೆಯುತ್ತಿತ್ತು. ಡಿಸ್ಕ್ ಅಷ್ಟರಲ್ಲಿ ಇನ್ನಷ್ಟು ಸೋಲುತ್ತದೆ. ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಕಷ್ಟದ ಜಾಗ ಬಂದರೆ ಗುರುತು ಹಾಕಿ ದಾಟಿ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಹಿಂದೆ ಬಂದು ಆ ಬಿಟ್ಟ ಜಾಗಗಳನ್ನು ಸ್ವಲ್ಪ ಸ್ವಲ್ಪವೇ ಓದಲು ನೋಡುತ್ತದೆ. ಓದಿದ್ದೆಷ್ಟು, ಬಿಟ್ಟಿದ್ದೆಲ್ಲಿ ಎಂಬುದನ್ನು ಮ್ಯಾಪ್‌ಫೈಲ್ ಎಂಬ ಸಣ್ಣ ಫೈಲಿನಲ್ಲಿ ಬರೆದಿಡುತ್ತದೆ. ನಮ್ಮೂರಿನಂಥ ಕಡೆ ಈ ಮ್ಯಾಪ್‌ಫೈಲ್ ದೊಡ್ಡ ಉಪಕಾರ. ಮೂರು ರಾತ್ರಿ ಓಡಿತು, ನಡುವೆ ಎರಡು ಸಲ ಕರೆಂಟ್ ಹೋಯಿತು. ಎರಡೂ ಸಲ ನಿಂತಲ್ಲಿಂದಲೇ ಮುಂದುವರಿಯಿತು. ಒಂದೇ ಎಚ್ಚರ: ಡಾಕ್ ಮತ್ತೆ ಚಾಲೂ ಆದಾಗ ಲಿನಕ್ಸ್ ಡಿಸ್ಕಿಗೆ ಕೊಟ್ಟ ಹೆಸರು ಬದಲಾಗಿರಬಹುದು. ಯಾವುದರಿಂದ ಯಾವುದಕ್ಕೆ ಎಂಬುದನ್ನು ಎರಡು ಸಲ ಓದಿಯೇ ಎಂಟರ್ ಒತ್ತಿ. ತಿರುವುಮುರುವಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ.

4 ಟಿಬಿಯಲ್ಲಿ ಕೊನೆಗೂ ಓದಲಾಗದೆ ಉಳಿದದ್ದು 38 ಎಂಬಿ. ಆ ಅಂಕಿ ನೋಡಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಾ ಊಟ ಮಾಡಿದೆ.

ಕಾಪಿ ಸಿಕ್ಕಿತು. ಅದರೊಳಗಿಂದ ಫೈಲ್ ತೆಗೆಯುವುದು ಹೇಗೆ? ಉಬುಂಟುವಿನಲ್ಲಿ ತೆರೆಯಲು ಹೋದರೆ ‘ಇದು ರೇಡ್‌ನ ಭಾಗ’ ಎಂದು ಹೇಳಿ ಸುಮ್ಮನಾಯಿತು. ಭಾವನಿಗೆ ಪರೀಕ್ಷೆ ಕೆಲಸ, ವಾರ ಬಿಟ್ಟು ಬಾ ಎಂದಿದ್ದ. ಅಲ್ಲಿಯವರೆಗೆ ತಡೆಯಲಾಗದೆ ಫೋಟೊರೆಕ್ ಓಡಿಸಿದೆ. ಇದೂ ಉಚಿತ, ಕ್ಯಾಮೆರಾ ಕಾರ್ಡ್‌ನಿಂದ ಅಳಿಸಿದ ಫೋಟೊ ತೆಗೆಯಲು ನಾನು ಮೊದಲಿಂದ ಬಳಸುತ್ತಿದ್ದೆ. ಕಾರ್ಡ್‌ಗೆ ಅದರಷ್ಟು ನಂಬಿಕೆಯ ಸಾಧನ ಇನ್ನೊಂದಿಲ್ಲ ಅಂತ ಈಗಲೂ ಹೇಳುತ್ತೇನೆ.

ಆದರೆ ಫೋಟೊರೆಕ್ ಫೋಲ್ಡರ್, ಹೆಸರು ಯಾವುದನ್ನೂ ನೋಡುವುದಿಲ್ಲ. ಡಿಸ್ಕಿನ ಮೇಲೆ ಜೇಪೆಗ್‌ನ ತಲೆ ಎಲ್ಲಿದೆ, ವಿಡಿಯೊದ ತಲೆ ಎಲ್ಲಿದೆ ಎಂದು ಹುಡುಕಿ, ಅಲ್ಲಿಂದ ಕತ್ತರಿಸಿ ಕೊಡುತ್ತದೆ. ಎರಡು ದಿನದಲ್ಲಿ 1,86,000 ಫೈಲ್ ಬಂತು. 500ಕ್ಕೊಂದರಂತೆ 372 ಫೋಲ್ಡರ್. ಪ್ರತಿ ಫೈಲಿಗೂ ಎಫ್ ಅಕ್ಷರದ ಮುಂದೆ ಅಂಕಿಗಳ ಸಾಲು, ಅದೇ ಹೆಸರು. ಫೋಟೊಗಳ ಒಳಗೆ ತೆಗೆದ ತಾರೀಕು ಇರುತ್ತದೆ, ಅದನ್ನು ಓದುವ ಎಕ್ಸಿಫ್‌ಟೂಲ್ ಎಂಬ ಪ್ರೋಗ್ರಾಂನಿಂದ ತಾರೀಕಿನ ಪ್ರಕಾರ ಜೋಡಿಸಬಹುದು. ಆದರೆ ಒಳ್ಳೆ ಮುಹೂರ್ತದ ದಿನ ನಮ್ಮ ಹುಡುಗರು ಎರಡು ಮದುವೆಗೆ ಹೋಗಿರುತ್ತಾರೆ. ಎರಡೂ ಮನೆಯವರು ಒಂದೇ ಫೋಲ್ಡರ್‌ನಲ್ಲಿ ಬಂದು ಕೂತಿದ್ದರು. ದೊಡ್ಡ ವಿಡಿಯೊಗಳು ಡಿಸ್ಕಿನ ಮೇಲೆ ತುಂಡು ತುಂಡಾಗಿ ಹರಡಿರುತ್ತವೆ. ಫೋಟೊರೆಕ್‌ಗೆ ಆ ತುಂಡುಗಳ ಲೆಕ್ಕ ಗೊತ್ತಿಲ್ಲದ್ದರಿಂದ ಎಷ್ಟೋ ವಿಡಿಯೊ ತೆರೆಯಲೇ ಇಲ್ಲ.

ನನಗೆ ಜಾಸ್ತಿ ಸಂಕಟ ಆಗಿದ್ದು ಅಪ್ಪಯ್ಯನ ತಾಳಮದ್ದಳೆ ರೆಕಾರ್ಡಿಂಗ್‌ಗಳ ವಿಷಯದಲ್ಲಿ. 140 ಕ್ಯಾಸೆಟ್. 2016ರಲ್ಲಿ ಅಪ್ಪಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ಕಂಪ್ಯೂಟರ್‌ಗೆ ಇಳಿಸಿದ್ದೆ. ಯಾವ ವರ್ಷ, ಯಾರ ಮನೆಯ ಅಂಗಳ, ಕರ್ಣನ ಅರ್ಥ ಹೇಳಿದವರು ಯಾರು, ಭಾಗವತರು ಯಾರು ಎಂದು ಅಪ್ಪಯ್ಯ ಹೇಳುತ್ತಾ ಹೋದ, ನಾನು ಅದನ್ನೇ ಫೈಲಿನ ಹೆಸರಾಗಿ ಬರೆದೆ. ಈಗ ಅಪ್ಪಯ್ಯ ಇಲ್ಲ. ಫೋಟೊರೆಕ್ ಕೊಟ್ಟ ಒಂದು ಫೈಲ್ ಹಾಕಿದೆ. ಮದ್ದಳೆ ಕೇಳಿತು, ಒಂದು ಗಟ್ಟಿ ಗಂಟಲಿನ ಮಾತು ಕೇಳಿತು. ಯಾರದು? ಗೊತ್ತಾಗಲಿಲ್ಲ. ಧ್ವನಿ ಪೂರ್ತಿ ಇದೆ, ಹೆಸರು ಇಲ್ಲ. ಫೈಲ್ ವಾಪಸ್ ಬಂತು ಅಂದರೆ ಎಲ್ಲ ಬಂತು ಅಂತಲ್ಲ ಎಂಬುದು ಅವತ್ತು ರಾತ್ರಿ ನನಗೆ ಅರ್ಥವಾಯಿತು. ಯಾವ ಸಾಧನವನ್ನು ಹೋಲಿಸುವಾಗಲೂ ನಾನೀಗ ಮೊದಲು ಕೇಳುವುದು ಇದನ್ನೇ: ಹೆಸರು ಉಳಿಸುತ್ತದೆಯಾ?

ಆ ಪ್ರಶ್ನೆ ಹಿಡಿದುಕೊಂಡು ದುಡ್ಡಿನ ಪ್ರೋಗ್ರಾಂ ನೋಡಿದೆ. ಯುಎಫ್‌ಎಸ್ ಎಕ್ಸ್‌ಪ್ಲೋರರ್‌ನ ಟ್ರಯಲ್ ಹಾಕಿದೆ. ಇದು ವಿಂಡೋಸ್‌ನಲ್ಲೇ ಓಡುತ್ತದೆ, ಲಿನಕ್ಸ್ ಕಲಿಯಬೇಕಿಲ್ಲ. ಮೊದಲು ಒಂದನೇ ಖಾನೆಯ ಡಿಸ್ಕ್ ತೋರಿಸಿದೆ. ಅದರಲ್ಲಿ ಟಿಕ್ ಸದ್ದಿಲ್ಲ, ಆರೋಗ್ಯ ಸರಿಯಿತ್ತು. ಸ್ವಲ್ಪ ಹೊತ್ತಿನಲ್ಲೇ ಫೋಲ್ಡರ್‌ಗಳು ಹೆಸರಿನ ಸಮೇತ ಸಾಲಾಗಿ ಬಂದವು. ಕುಣಿದಾಡುವಷ್ಟು ಖುಷಿಯಾಯಿತು. ಮಾರಿಕಾಂಬಾ ಜಾತ್ರೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ, ಆ ಫೋಲ್ಡರ್ ತೆರೆದೆ. 2018 ಇದೆ. 2020 ಇದೆ. 2022 ಇದೆ. ಜಾತ್ರೆ ಇಲ್ಲದ ವರ್ಷ ಹೋಳಿಯಲ್ಲಿ ನಡೆಯುವ ಬೇಡರ ವೇಷ, 2023ರದ್ದೂ ಇದೆ. 2024ರ ಜಾತ್ರೆ ಇಲ್ಲ.

ಆ ಡಿಸ್ಕಿನಲ್ಲಿ ಕೊನೆಯ ಫೈಲ್ 2023ರ ಡಿಸೆಂಬರ್‌ನದ್ದು. ಅಂದರೆ ಮಿರರ್ ಅವತ್ತೇ ಮುರಿದಿತ್ತು. ಒಂದನೇ ಡಿಸ್ಕ್ ಹೊರಗೆ ಬಿದ್ದಿತ್ತು, ಐದು ತಿಂಗಳು ಎಲ್ಲ ಭಾರ ಎರಡನೆಯದರ ಮೇಲೇ. ಡಬ್ಬಿ ಬೀಪ್ ಮಾಡಿ ಎಚ್ಚರಿಸುತ್ತದೆ, ಆದರೆ ರಾತ್ರಿ ಸದ್ದು ಬೇಡ ಎಂದು ನಾನೇ ಅದನ್ನು ಬಂದ್ ಮಾಡಿಟ್ಟಿದ್ದೆ. ಇಮೇಲ್ ಎಚ್ಚರಿಕೆ ಹಾಕಿಕೊಂಡಿರಲೇ ಇಲ್ಲ. ನಿಮ್ಮ ಹತ್ತಿರ ಎರಡು ಡಿಸ್ಕಿನ ಡಬ್ಬಿ ಇದ್ದರೆ ಇವತ್ತೇ ಹೋಗಿ ಅದರ ಪುಟ ತೆರೆದು ನೋಡಿ, ‘ಡಿಗ್ರೇಡೆಡ್’ (ಮಿರರ್ ಮುರಿದಿದೆ) ಎಂದು ಬಂದಿದೆಯಾ ಅಂತ. ಸುಲಭವಾಗಿ ತೆರೆದುಕೊಂಡ ಡಿಸ್ಕಿನಲ್ಲೇ ಇತ್ತೀಚಿನ ಫೈಲ್ ಎಲ್ಲ ಇದೆ ಅಂದುಕೊಳ್ಳಬೇಡಿ. ಎರಡರಲ್ಲೂ ಕೊನೆಯ ತಾರೀಕು ನೋಡಿ.

ಟ್ರಯಲ್‌ಗೆ ಎರಡನೇ ಡಿಸ್ಕಿನ ಕಾಪಿ ತೋರಿಸಿದಾಗ 2024ರ ಜಾತ್ರೆಯೂ ಕಂಡಿತು. ಕಾಣುವುದಕ್ಕೆ ದುಡ್ಡಿಲ್ಲ, ದೊಡ್ಡ ಫೈಲ್ ಹೊರಗೆ ತೆಗೆಯಲು ಲೈಸೆನ್ಸ್ ಬೇಕು. ಕೆಲವು ಸಾವಿರ ರೂಪಾಯಿ. ಲಿನಕ್ಸ್ ಬಲ್ಲವರು ಹತ್ತಿರ ಇಲ್ಲದಿದ್ದರೆ ಕಣ್ಣು ಮುಚ್ಚಿ ಕೊಡಬಹುದಾದ ದುಡ್ಡು ಅದು. ಡಿಎಂಡಿಇ ಇನ್ನೊಂದು. ಅದರ ಉಚಿತ ಆವೃತ್ತಿಯಲ್ಲೇ ಒಂದು ಸಲಕ್ಕೆ ಒಂದು ಫೋಲ್ಡರ್‌ನಿಂದ 4,000 ಫೈಲ್‌ವರೆಗೆ ತೆಗೆಯಬಹುದು. ಬೇಕಾದದ್ದು ನಾಲ್ಕಾರು ಫೋಲ್ಡರ್ ಆದರೆ ಅದೇ ಸಾಕು. ಅದರ ಪರದೆ ಮಾತ್ರ ಹೊಸಬರಿಗೆ ಹೆದರಿಕೆ ಹುಟ್ಟಿಸುತ್ತದೆ.

ವಾರ ಕಳೆದ ಮೇಲೆ 8 ಟಿಬಿ ಡಿಸ್ಕನ್ನು ಹಳೆ ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ ಹತ್ತಿದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಎರಡೂ ಕೈ ಅದರ ಮೇಲೇ. ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟುವಾಗ ಮಳೆ ಹುಯ್ಯುತ್ತಿತ್ತು. ಭಾವ ಮಾಡಿದ್ದು ಹತ್ತು ನಿಮಿಷದ ಕೆಲಸ. ಕಾಪಿಯನ್ನು ಓದಲು ಮಾತ್ರ ಎಂಬಂತೆ ತೆರೆದ. ಎಂಡಿಆಡ್ಮ್ ಎಂಬ ಲಿನಕ್ಸ್ ಸಾಧನದಿಂದ ಒಂದೇ ಕಾಲಿನ ಮಿರರ್ ಎಬ್ಬಿಸಿದ. ಅದರ ಮೇಲೆ ಎಲ್‌ವಿಎಂ ಎಂಬ ಇನ್ನೊಂದು ಪದರ ಇತ್ತು, ಅದನ್ನೂ ಚಾಲೂ ಮಾಡಿದ. ಕೊನೆಗೆ ಮೌಂಟ್, ಅಂದರೆ ಫೋಲ್ಡರ್‌ಗಳು ಕಾಣುವಂತೆ ತೆರೆಯುವುದು. ನಾನು ಒಂದು ವಾರ ಒದ್ದಾಡಿದ್ದು ಈ ನಡುವಿನ ಎರಡು ಮೆಟ್ಟಿಲು ಗೊತ್ತಿಲ್ಲದೆ. ಎಲ್ಲ ಫೋಲ್ಡರ್, ಎಲ್ಲ ಹೆಸರು, ಎಲ್ಲ ತಾರೀಕು ಇದ್ದ ಹಾಗೇ ಬಂದವು. ಅಪ್ಪಯ್ಯ ಹೇಳಿ ಬರೆಸಿದ ಹೆಸರುಗಳು ಸಾಲಾಗಿ ಕಂಡಾಗ ನನಗೆ ಮಾತು ಹೊರಡಲಿಲ್ಲ. ಭಾವ ಎದ್ದು ಹೋಗಿ ಚಾ ತಂದ.

ಇಲ್ಲಿ ಡಿಡಿರೆಸ್ಕ್ಯೂನ ಇನ್ನೊಂದು ಗುಣ ಹೇಳಲೇಬೇಕು. ಓದಲಾಗದ 38 ಎಂಬಿ ಯಾವ ಫೈಲಿನಲ್ಲಿದೆ ಎಂದು ತಿಳಿಯುವುದು ಹೇಗೆ? ಲಕ್ಷಗಟ್ಟಲೆ ಫೋಟೊ ತೆರೆದು ನೋಡಲಾಗುತ್ತದಾ? ಮ್ಯಾಪ್‌ಫೈಲ್ ಕೊಟ್ಟು, ಕಾಪಿಯಲ್ಲಿ ಖಾಲಿ ಉಳಿದ ಆ ಜಾಗಗಳಲ್ಲೆಲ್ಲ ಬೇರೆಲ್ಲೂ ಬರದ ಒಂದು ವಿಚಿತ್ರ ಪದ ತುಂಬಿಸಬಹುದು. ಆಮೇಲೆ ಆ ಪದ ಯಾವ ಯಾವ ಫೈಲಿನೊಳಗೆ ಇದೆ ಎಂದು ಹುಡುಕಿಸಿದರೆ ಸಾಕು, ಪೆಟ್ಟು ಬಿದ್ದವು ಮಾತ್ರ ಸಿಗುತ್ತವೆ. ನಮಗೆ ಸಿಕ್ಕಿದ್ದು 23: 17 ಫೋಟೊ, 5 ವಿಡಿಯೊ, 1 ಆಡಿಯೊ. ಯಾರ ಮದುವೆಯದ್ದು ಎಂದು ಹೆಸರಿನಿಂದಲೇ ತಿಳಿಯಿತು. ಆ ಮನೆಗಳಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

ಇನ್ನು ನಾನು ಬಿಟ್ಟ ದಾರಿಗಳು. ಅದೇ ಕಂಪನಿಯ ಇನ್ನೊಂದು ಡಬ್ಬಿ ತಂದು ಎರಡೂ ಡಿಸ್ಕ್ ಹಾಕು ಎಂದು ಇಬ್ಬರು ಹೇಳಿದ್ದರು. ಡಬ್ಬಿ ಮಾತ್ರ ಹೋಗಿ ಡಿಸ್ಕ್‌ಗಳು ಗಟ್ಟಿಯಿದ್ದರೆ ಎಷ್ಟೋ ಸಲ ಇದು ನಡೆಯುತ್ತದೆ. ನನ್ನ ಸ್ಥಿತಿಯಲ್ಲಿ ಇದೇ ಎಲ್ಲಕ್ಕಿಂತ ಅಪಾಯ. ಹೊಸ ಡಬ್ಬಿ ಡಿಸ್ಕ್ ಮೇಲೆ ಬರೆಯುತ್ತದೆ, ಸೆಟಪ್ ಅಂತ ಫಾರ್ಮ್ಯಾಟ್ ಕೇಳಬಹುದು, ಸೋತ ಡಿಸ್ಕನ್ನು ಹಗಲು ರಾತ್ರಿ ಓದಿಸಿ ಮಿರರ್ ಮತ್ತೆ ಕಟ್ಟಲು ಹೊರಡಬಹುದು. ಕಾಪಿ ಇಲ್ಲದೆ ಈ ದಾರಿ ಬೇಡ.

ದೊಡ್ಡ ಊರಿನ ಒಂದು ಲ್ಯಾಬ್‌ಗೂ ಕೇಳಿದ್ದೆ, 40,000 ರೂಪಾಯಿ ಮೇಲೆ ಹೇಳಿದರು. ಈ ಸಲ ಕಳಿಸಲಿಲ್ಲ. ಆದರೆ 2021ರಲ್ಲಿ ಮೇಜಿನಿಂದ ಬಿದ್ದ ಒಂದು ಪೋರ್ಟಬಲ್ ಡಿಸ್ಕನ್ನು ಕಳಿಸಿದ್ದೆ. ಅದು ತಿರುಗುತ್ತಲೇ ಇರಲಿಲ್ಲ, ಬರೀ ಟಕ್ ಟಕ್. ಅವರು ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಓದುವ ಹೆಡ್ ಬದಲಿಸಿ ಬಹುಪಾಲು ತೆಗೆದುಕೊಟ್ಟರು. ಡಿಸ್ಕ್ ಬಿದ್ದಿದ್ದರೆ, ನೀರು ಕುಡಿದಿದ್ದರೆ, ಬಿಡದೆ ಟಕ್ ಟಕ್ ಅನ್ನುತ್ತಿದ್ದರೆ ಯಾವ ಪ್ರೋಗ್ರಾಂ ಕೂಡ ಬೇಡ, ಕರೆಂಟ್ ಕೊಡದೆ ನೇರ ಲ್ಯಾಬ್‌ಗೆ ಕಳಿಸಿ. ಫ್ರಿಜ್‌ನಲ್ಲಿಡು ಎನ್ನುವವರ ಮಾತು ಕೇಳಲೇಬೇಡಿ. ನಮ್ಮ ಕಡೆಯ ಮಳೆಗಾಲದ ಹವೆಯಲ್ಲಿ ಹೊರಗೆ ತೆಗೆದ ಕೂಡಲೇ ಅದರ ಮೇಲೆ ನೀರು ಕೂರುತ್ತದೆ.

ಈಗ ಸ್ಟುಡಿಯೊದಲ್ಲಿ ಯುಪಿಎಸ್ ಇದೆ, ಬೀಪ್ ಚಾಲೂ ಇದೆ. ತಿಂಗಳಿಗೊಮ್ಮೆ ಒಂದು ಬೇರೆ ಡಿಸ್ಕಿಗೆ ಪೂರ್ತಿ ಕಾಪಿ ಮಾಡಿ ವೈರ್ ತೆಗೆದು ಮನೆಯಲ್ಲಿಡುತ್ತೇನೆ. ತಾಳಮದ್ದಳೆಯದ್ದು ಮಾತ್ರ ಕಾರವಾರದಲ್ಲಿ ಭಾವನ ಹತ್ತಿರವೂ ಒಂದು ಪ್ರತಿ ಇದೆ. ಪೆಟ್ಟು ಬಿದ್ದ ಆ ಒಂದು ಆಡಿಯೊದಲ್ಲಿ ನಡುವೆ ನಾಲ್ಕು ನಿಮಿಷ ಬರೀ ಗೊರಗೊರ. ಅದರ ಕ್ಯಾಸೆಟ್ ಅಟ್ಟದ ಮೇಲೆ ಸಿಕ್ಕಿದೆ. ಟೇಪ್‌ಗೆ ಬೂಸಲು ಹಿಡಿದಿದೆ, ಒರೆಸಿ ಒಣಗಿಸಿಟ್ಟಿದ್ದೇನೆ. ಓಡುವ ಕ್ಯಾಸೆಟ್ ಪ್ಲೇಯರ್ ಹುಡುಕುತ್ತಿದ್ದೇನೆ.