ನಡುರಾತ್ರಿ ಎಚ್ಚರವಾದವರಿಗೆ ಕಿಂಡಲ್ ಪೇಪರ್‌ವೈಟ್: ಹೇಗೆ ಹೊಂದಿಸಬೇಕು, ಎಲ್ಲಿ ಕೈಕೊಡುತ್ತದೆ

ನಿದ್ದೆ ಬಾರದ ರಾತ್ರಿ ಕೈಗೆ ಮೊದಲು ಸಿಗುವುದು ಫೋನ್. ಅದನ್ನು ಎತ್ತಿಕೊಂಡ ಕೂಡಲೇ ಗಂಟೆ ಎಷ್ಟೆಂದು ಕಾಣುತ್ತದೆ, ಮೆಸೇಜುಗಳು ಕಾಣುತ್ತವೆ, ಬೆಳಗಿನ ಕೆಲಸ ನೆನಪಾಗುತ್ತದೆ, ಇದ್ದ ಚೂರು ಮಂಪರೂ ಹೋಗುತ್ತದೆ. ಫೋನಿನ ಜಾಗಕ್ಕೆ 2021ರ ಕಿಂಡಲ್ ಪೇಪರ್‌ವೈಟ್, ಅಂದರೆ ಪುಸ್ತಕ ಓದಲೆಂದೇ ಇರುವ ಅಮೆಜಾನ್‌ನ ಇ-ರೀಡರ್, ಬಹಳ ಚೆನ್ನಾಗಿ ಒಗ್ಗುತ್ತದೆ. ಆದರೆ ಡಬ್ಬಿಯಿಂದ ತೆಗೆದ ಹಾಗೆಯೇ ಬಳಸಿದರೆ ಅಷ್ಟು ಪ್ರಯೋಜನವಿಲ್ಲ. ಹಗಲಿನ ಓದಿಗೆ ಇದು ಹೇಗಿದೆ ಎಂಬುದನ್ನು ಬಿಟ್ಟು, ಇಲ್ಲಿ ರಾತ್ರಿಯ ಬಳಕೆಯನ್ನಷ್ಟೇ ನೋಡೋಣ.

ಪರದೆ 6.8 ಇಂಚು, ತೂಕ 205 ಗ್ರಾಂ. ಕಾಗದದಂತೆ ಕಾಣುವ ಇದರ ಇ-ಇಂಕ್ ಪರದೆಗೆ ಸ್ವಂತ ಬೆಳಕಿಲ್ಲ. ಅಂಚಿನಲ್ಲಿರುವ 17 ಎಲ್‌ಇಡಿಗಳ ಬೆಳಕು ಮೇಲಿನ ತೆಳು ಪದರದಲ್ಲಿ ಹರಡಿ, ಪುಟದ ಮೇಲೆ ಬಿದ್ದು, ಅಲ್ಲಿಂದ ಕಣ್ಣಿಗೆ ಬರುತ್ತದೆ. ಹಾಗೆಂದು ಇದು ನಿದ್ದೆಗೆ ಏನೂ ತೊಂದರೆ ಮಾಡದು ಅಂದುಕೊಳ್ಳಬೇಡಿ. ಕಣ್ಣಿನ ಹಿಂಪದರದಲ್ಲಿ ಮೆಲನಾಪ್ಸಿನ್ ಎಂಬ ಬೆಳಕು ಗ್ರಹಿಸುವ ವಸ್ತು ಇರುವ ಕೋಶಗಳಿವೆ. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸಿ, ಇನ್ನೂ ಹಗಲಿದೆ ಎಂದು ಮೆದುಳಿಗೆ ತಿಳಿಸುತ್ತವೆ. ಇ-ರೀಡರ್ ನಿದ್ದೆ ಕೆಡಿಸುತ್ತದೆ ಎನ್ನುವವರು 2014ರ ಕೊನೆಯಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ತೋರಿಸುತ್ತಾರೆ. ಅದರಲ್ಲಿ 12 ಮಂದಿ ಮಲಗುವ ಮುಂಚೆ ನಾಲ್ಕು ಗಂಟೆ ಓದಿದ್ದರು. ಸಾಧನದಲ್ಲಿ ಓದಿದ ರಾತ್ರಿಗಳಲ್ಲಿ ಅಚ್ಚಿನ ಪುಸ್ತಕದ ರಾತ್ರಿಗಳಿಗಿಂತ ನಿದ್ದೆ ಹತ್ತಲು ಸುಮಾರು ಹತ್ತು ನಿಮಿಷ ಹೆಚ್ಚು ಬೇಕಾಯಿತು. ಅಲ್ಲಿ ಬಳಸಿದ್ದು ಪೂರ್ತಿ ಬೆಳಕಿನ ಐಪ್ಯಾಡ್. ಮಂದ ಬೆಳಕಿನ ಇ-ಇಂಕ್ ಪರದೆಗೆ ಆ ಫಲಿತಾಂಶವನ್ನು ಹಾಗೇ ಅನ್ವಯಿಸಲಾಗದು. ಆದರೂ ಪಾಠ ಒಂದೇ: ಬೆಳಕಿನ ಬಣ್ಣ ಬದಲಿಸುವುದಕ್ಕಿಂತ ಮೊದಲು ಅದರ ಪ್ರಮಾಣ ಇಳಿಸಬೇಕು.

ಪರದೆಯ ಮೇಲಂಚಿನಿಂದ ಕೆಳಕ್ಕೆ ಬೆರಳೆಳೆದರೆ ಬ್ರೈಟ್‌ನೆಸ್ ಮತ್ತು ವಾರ್ಮ್‌ತ್ ಎಂಬ ಎರಡು ಪಟ್ಟಿಗಳು ಬರುತ್ತವೆ, ಎರಡರಲ್ಲೂ 24 ಹಂತಗಳು. ಬೆಳಕನ್ನು ಹಳದಿಯತ್ತ ತಿರುಗಿಸುವ ವಾರ್ಮ್‌ತ್ ಅನ್ನು ಕೊನೆಯವರೆಗೂ ಏರಿಸಿಬಿಡಿ. ಬ್ರೈಟ್‌ನೆಸ್ ಹೊಂದಿಸುವ ಮೊದಲು ಕಣ್ಣು ಕತ್ತಲಿಗೆ ಒಗ್ಗಲು ಒಂದೆರಡು ನಿಮಿಷ ಬಿಡಿ. ಆಮೇಲೆ ಅಕ್ಷರ ಕಾಣದಾಗುವವರೆಗೆ ಇಳಿಸಿ, ಅಲ್ಲಿಂದ ಒಂದೇ ಒಂದು ಹಂತ ಏರಿಸಿ. ಹೆಚ್ಚಿನವರಿಗೆ ಇದು ತೀರ ಕೆಳಗಿನ ಹಂತಗಳಲ್ಲೇ ನಿಲ್ಲುತ್ತದೆ. ಓದಲು ಕಷ್ಟವಾದರೆ ಬೆಳಕು ಹೆಚ್ಚಿಸಬೇಡಿ, ಅಕ್ಷರವನ್ನು ದೊಡ್ಡದಾಗಿ, ದಪ್ಪವಾಗಿ ಮಾಡಿಕೊಳ್ಳಿ. ಇದರದ್ದೇ ದುಬಾರಿ ಮಾದರಿಯಾದ ಸಿಗ್ನೇಚರ್ ಎಡಿಷನ್ ಇದ್ದರೆ ತಾನಾಗಿಯೇ ಬೆಳಕು ಬದಲಿಸುವ ಸೌಲಭ್ಯವನ್ನು ರಾತ್ರಿ ಆಫ್ ಮಾಡಿಡುವುದು ಮೇಲು.

ಡಾರ್ಕ್ ಮೋಡ್ ಬಗ್ಗೆ ಅಭಿಪ್ರಾಯ ಭೇದವಿದೆ. ಕಪ್ಪು ಪುಟದಿಂದ ಕಣ್ಣಿಗೆ ಬರುವ ಒಟ್ಟು ಬೆಳಕು ಕಡಿಮೆ, ನಿಜ. ಆದರೆ ಇ-ಇಂಕ್‌ನ ಕಪ್ಪು ಪೂರ್ತಿ ಕಪ್ಪಲ್ಲ, ಕತ್ತಲಲ್ಲಿ ಬೂದು ಬಣ್ಣವಾಗಿ ಕಾಣುತ್ತದೆ. ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಇರುವವರಿಗೆ ಬಿಳಿ ಅಕ್ಷರಗಳ ಸುತ್ತ ಬೆಳಕು ಚೆದುರಿದಂತೆಯೂ ಕಾಣಬಹುದು. ಹಾಗಾದರೆ ಮಾಮೂಲಿ ಪುಟವೇ ಸರಿ. ಸೆಟ್ಟಿಂಗ್ಸ್‌ನಲ್ಲಿ ಪೇಜ್ ರಿಫ್ರೆಶ್ ಆನ್ ಆಗಿದ್ದರೆ ಆಫ್ ಮಾಡಿ. ಆನ್ ಇದ್ದರೆ ಪುಟ ಮಗುಚಿದಾಗಲೆಲ್ಲ ಪರದೆ ಒಮ್ಮೆ ಕಪ್ಪಾಗಿ ಬೆಳಗುತ್ತದೆ, ಕತ್ತಲಲ್ಲಿ ಅದು ಬಹಳ ಕಿರಿಕಿರಿ.

ಇನ್ನು ಗಡಿಯಾರ. ಇನ್ನೆಷ್ಟು ಹೊತ್ತು ನಿದ್ದೆ ಸಿಕ್ಕೀತು ಎಂದು ಲೆಕ್ಕ ಹಾಕುವುದಕ್ಕಿಂತ ಎಚ್ಚರ ಹೆಚ್ಚಿಸುವ ಕೆಲಸ ಇನ್ನೊಂದಿಲ್ಲ. ಪುಸ್ತಕ ತೆರೆದು, ಪುಟದ ಮೇಲ್ಭಾಗ ಮುಟ್ಟಿ, ಅಕ್ಷರದ ಗಾತ್ರ ಬದಲಿಸುವ ‘ಎಎ’ ಗುಂಡಿಯ ಕೊನೆಯ ಭಾಗಕ್ಕೆ ಹೋದರೆ ಓದುವಾಗ ಗಡಿಯಾರ ತೋರಿಸುವ ಆಯ್ಕೆ ಇದೆ, ಅದನ್ನು ಆಫ್ ಮಾಡಿ. ಕೆಳಗೆ ಎಡಮೂಲೆಯಲ್ಲಿ ಅಧ್ಯಾಯ ಮುಗಿಯಲು ಇಷ್ಟು ನಿಮಿಷ ಎಂದು ಬರುತ್ತಿದ್ದರೆ ಅದನ್ನು ಮುಟ್ಟಿ ಪುಟಸಂಖ್ಯೆಗೆ ಬದಲಿಸಿ. ಹೋಮ್ ಪುಟದಲ್ಲಿ ಮಾತ್ರ ಸಮಯ ಕಂಡೇ ಕಾಣುತ್ತದೆ. ಆದ್ದರಿಂದ ಪುಸ್ತಕ ತೆರೆದಿಟ್ಟೇ ಕಿಂಡಲ್ ಮುಚ್ಚಿ. ಮತ್ತೆ ತೆಗೆದಾಗ ನೇರ ಅದೇ ಪುಟ ಬರುತ್ತದೆ. ಏರ್‌ಪ್ಲೇನ್ ಮೋಡ್ ಆನ್ ಇರಲಿ, ಇಲ್ಲದಿದ್ದರೆ ಓದಿಗಿಂತ ಪುಸ್ತಕ ಹುಡುಕಾಟವೇ ಹೆಚ್ಚಾಗುತ್ತದೆ. ಲಾಕ್ ಪರದೆಯಲ್ಲಿ ಜಾಹೀರಾತು ತೋರಿಸುವ ಮಾದರಿ ಈ ಕೆಲಸಕ್ಕೆ ಬೇಡ.

ಇದನ್ನು ಹಾಸಿಗೆಯಲ್ಲಿ ಮಲಗಿಕೊಂಡು ಓದುವುದೇ ಹಲವರು ಮಾಡುವ ತಪ್ಪು. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್‌ಜಿನ್ 1972ರಲ್ಲಿ ವಿವರಿಸಿದ ವಿಧಾನ ಇಂದಿಗೂ ನಿದ್ರಾಹೀನತೆಯ ಚಿಕಿತ್ಸೆಯ ಮುಖ್ಯ ಭಾಗ: ಹಾಸಿಗೆ ನಿದ್ದೆಗೆ ಮಾತ್ರ. ಹದಿನೈದು ಇಪ್ಪತ್ತು ನಿಮಿಷ ಆಗಿರಬಹುದು ಅನ್ನಿಸಿದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆಡೆ ಕುಳಿತುಕೊಳ್ಳಬೇಕು. ಹಾಸಿಗೆಯಲ್ಲೇ ಓದುತ್ತಾ ಹೋದರೆ ಆ ಜಾಗಕ್ಕೂ ಎಚ್ಚರಕ್ಕೂ ನಂಟು ಬೆಳೆಯುತ್ತದೆ. ಸಂಜೆಯೇ ಕುರ್ಚಿಯ ಮೇಲೆ ಕಿಂಡಲ್, ಒಂದು ಹೊದಿಕೆ ಇಟ್ಟಿರಿ. ಓದಲು ಒಮ್ಮೆ ಓದಿ ಮುಗಿಸಿದ ಪುಸ್ತಕ, ಪ್ರಬಂಧ, ಪ್ರವಾಸ ಕಥನ ಒಳ್ಳೆಯದು. ಪತ್ತೇದಾರಿ ಕಾದಂಬರಿ, ಸುದ್ದಿ, ಆಫೀಸಿನ ಕಡತ ಬೇಡ. ನಿದ್ದೆಯ ಕುರಿತ ಪುಸ್ತಕವಂತೂ ರಾತ್ರಿ ಬೇಡವೇ ಬೇಡ. ತಲೆ ತೂಗಿತು, ಓದಿದ ಸಾಲನ್ನೇ ಮತ್ತೆ ಓದಿದಿರಿ ಎಂದಾದರೆ ಅಧ್ಯಾಯ ಮುಗಿಸಲು ಕಾಯದೆ ಹೋಗಿ ಮಲಗಿ. ನಿದ್ದೆ ಬರದಿದ್ದರೆ ಮತ್ತೆ ಕುರ್ಚಿಗೆ. ಎಷ್ಟು ಸಲವಾದರೂ ಸರಿ, ಬೆಳಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು.

ಕೊರತೆಗಳೂ ಇವೆ. ಪುಟ ಮಗುಚಲು ಗುಂಡಿಗಳಿಲ್ಲ, ಹೊದಿಕೆಯ ಅಂಚು ತಗುಲಿದರೂ ಪುಟ ಹಾರುತ್ತದೆ. ಸ್ಪೀಕರ್ ಇಲ್ಲ, ಆಡಿಯೋ ಪುಸ್ತಕ ಕೇಳಲು ಬ್ಲೂಟೂತ್ ಇಯರ್‌ಫೋನ್ ಜೋಡಿಸುತ್ತ ಕೂತರೆ ಮಂಪರು ಹಾರಿಹೋಗುತ್ತದೆ. ಸ್ಕ್ಯಾನ್ ಮಾಡಿದ ಕನ್ನಡ ಪಿಡಿಎಫ್‌ಗಳಲ್ಲಿ ಅಕ್ಷರ ಮಾತ್ರ ದೊಡ್ಡದು ಮಾಡಲು ಬರುವುದಿಲ್ಲ, ಪುಟವನ್ನೇ ಹಿಗ್ಗಿಸಿ ಎಳೆದಾಡಬೇಕು. ಅಂಥವಕ್ಕೆ ಅಚ್ಚಿನ ಪುಸ್ತಕ ಮತ್ತು ಪುಟಕ್ಕೆ ಸಿಕ್ಕಿಸುವ ಹಳದಿ ಬೆಳಕಿನ ಪುಟ್ಟ ದೀಪವೇ ಸಾಕು. ಅವು ಈಗಾಗಲೇ ಇದ್ದರೆ ಇದಕ್ಕೆ ದುಡ್ಡು ಹಾಕುವ ಅಗತ್ಯವೂ ಇಲ್ಲ.

ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗುತ್ತಾ ಮೂರು ತಿಂಗಳು ಕಳೆದಿದ್ದರೆ ಸಾಧನದ ಮಾತು ಬದಿಗಿಟ್ಟು ವೈದ್ಯರನ್ನು ನೋಡಿ, ಸಿಬಿಟಿ-ಐ (ನಿದ್ರಾಹೀನತೆಗೆ ಯೋಚನೆ, ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆ) ಎಲ್ಲಿ ಸಿಗುತ್ತದೆ ಎಂದು ಕೇಳಿ. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಿಂದಲೇ ಮಾತ್ರೆಗಿಂತ ಮೊದಲು ಇದನ್ನು ಸೂಚಿಸುತ್ತಿದೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇದ್ದರೆ ಮೂರು ತಿಂಗಳು ಕಾಯಲೇಬೇಡಿ.