ರೈಫಲ್ ಸ್ಟಾಕ್ ಸ್ಕ್ರೂಗೆ ಲಾಕ್‌ಟೈಟ್ 243: ನೀಲಿ ಸಾಕು, ಕೆಂಪು ಬೇಡವೇ ಬೇಡ

ಸ್ಪ್ರಿಂಗ್ ಪಿಸ್ಟನ್ ಏರ್ ರೈಫಲ್ ಇಟ್ಕೊಂಡಿರೋರಿಗೆ ಈ ಕಾಟ ಗೊತ್ತಿರುತ್ತೆ. ಒಂದೇ ಜಾಗಕ್ಕೆ ಬೀಳ್ತಿದ್ದ ಪೆಲೆಟ್ ಇದ್ದಕ್ಕಿದ್ದಂಗೆ ಚೆಲ್ಲಾಪಿಲ್ಲಿ ಆಗುತ್ತೆ, ಸ್ಕೋಪ್ ಹೋಯ್ತಾ ಪೆಲೆಟ್ ಸರಿ ಇಲ್ವಾ ಅಂತ ಎಲ್ಲಾ ಹುಡುಕಾಡಿ ಆಮೇಲೆ ನೋಡಿದ್ರೆ ಸ್ಟಾಕಿನ (ಭುಜಕ್ಕೆ ಒತ್ತಿ ಕೈಯಲ್ಲಿ ಹಿಡಿಯೋ ಮರದ ಅಥವಾ ಪ್ಲಾಸ್ಟಿಕ್ ಭಾಗ) ಮುಂದಿನ ಸ್ಕ್ರೂಗಳು ಬೆರಳಲ್ಲೇ ತಿರುಗೋ ಅಷ್ಟು ಲೂಸ್. ಒಳಗಿನ ಸ್ಪ್ರಿಂಗ್ ತಳ್ಳಿ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತೆ, ಪಿಸ್ಟನ್ ತುದಿಗೆ ಹೋಗಿ ನಿಂತ ತಕ್ಷಣ ಮುಂದಕ್ಕೆ ಜಗ್ಗುತ್ತೆ, ಹೀಗೆ ಪ್ರತಿ ಹೊಡೆತಕ್ಕೂ ಎರಡೂ ಕಡೆ ಕುಲುಕಾಟ. ಸ್ಕ್ರೂ ನಿಂತಿರೋದು ಬರೀ ಬಿಗಿತದ ಮೇಲೆ, ಬಿಗಿತ ಸ್ವಲ್ಪ ಸಡಿಲ ಆದ್ರೂ ಉಳಿದಿದ್ದನ್ನ ಕುಲುಕಾಟನೇ ಬಿಚ್ಚಿಬಿಡುತ್ತೆ.

ಇದಕ್ಕೆ ನಾನು ಕಣ್ಮುಚ್ಚಿ ಹೇಳೋದು ಲಾಕ್‌ಟೈಟ್ 243, ಸ್ಕ್ರೂ ತಾನಾಗೇ ಬಿಚ್ಚಿಕೊಳ್ಳದಂಗೆ ಹಿಡಿಯೋ ದ್ರವದ ಅಂಟು, ನೀಲಿ ಬಣ್ಣದ್ದು. ಹಳೇ 242 ಕೂಡ ನೀಲಿನೇ, ಕೆಟ್ಟದ್ದೇನಲ್ಲ, ಆದ್ರೆ 243 ಥ್ರೆಡ್ (ಸ್ಕ್ರೂ ಮೇಲಿನ ಸುರುಳಿ ಗೆರೆ) ಮೇಲೆ ಸ್ವಲ್ಪ ಎಣ್ಣೆ ಇದ್ರೂ ಹಿಡಿಯುತ್ತೆ, ರೈಫಲ್ ಅಂದ್ಮೇಲೆ ಎಲ್ಲಾದ್ರೂ ಎಣ್ಣೆ ಇದ್ದೇ ಇರುತ್ತಲ್ಲ, ಅದಕ್ಕೇ ನನಗೆ ಇದು ಇಷ್ಟ. ಹಾಗಂತ ಒರೆಸದೆ ಹಾಕ್ಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಸ್ಕ್ರೂನೂ ಒರೆಸಿ, ಒಳಗಿನ ತೂತನ್ನೂ ಒರೆಸಿ, ಪೂರ್ತಿ ಒಣಗಲಿ, ಆಮೇಲೆ ಹಾಕಿ. ಕೈ ಹಾಕೋಕೆ ಮುಂಚೆ ರೈಫಲ್ ಖಾಲಿ ಇದೆಯಾ, ಕಾಕ್ ಆಗಿಲ್ವಾ (ಸ್ಪ್ರಿಂಗ್ ಎಳೆದು ಹೊಡೆಯೋಕೆ ರೆಡಿ ಇಲ್ವಾ) ಅಂತ ನೋಡ್ಕೊಳ್ಳಿ, ಕಾಕ್ ಆಗಿರೋ ಸ್ಪ್ರಿಂಗ್ ಗನ್ನಿನ ಸ್ಟಾಕ್ ಬಿಚ್ಚೋದು ನಿಜಕ್ಕೂ ಅಪಾಯ.

ಇದು ಮಾಮೂಲಿ ಅಂಟಿನ ತರ ಗಾಳಿಗೆ ಒಣಗೋದಲ್ಲ, ಉಲ್ಟಾ. ಗಾಳಿ ಇರೋ ತನಕ ದ್ರವವಾಗೇ ಇರುತ್ತೆ, ಗಾಳಿ ಇಲ್ಲದೆ ಲೋಹಕ್ಕೆ ತಾಗಿದಾಗ ಮಾತ್ರ ಗಟ್ಟಿ ಆಗುತ್ತೆ. ಹೊಸ ಬಾಟ್ಲಿಯಲ್ಲೇ ಅಷ್ಟೊಂದು ಜಾಗ ಖಾಲಿ ಬಿಟ್ಟಿರೋದು ಅದಕ್ಕೇ, ಮೋಸ ಅಂತ ಅಂದ್ಕೋಬೇಡಿ, ಆ ಗಾಳಿ ಒಳಗಿನ ಮಾಲನ್ನ ಕಾಪಾಡ್ತಿರುತ್ತೆ. ಅಮೆರಿಕದ ಕೆಮಿಸ್ಟ್ರಿ ಪ್ರೊಫೆಸರ್ ವರ್ನನ್ ಕ್ರೀಬಲ್ 1953ರಲ್ಲಿ ಈ ತರದ ಅಂಟನ್ನ ರೂಪಿಸಿದ್ದು, ಈಗ ಲಾಕ್‌ಟೈಟ್ ಜರ್ಮನಿಯ ಹೆಂಕೆಲ್ ಕಂಪನಿ ಕೈಲಿದೆ. ಕಬ್ಬಿಣ, ಹಿತ್ತಾಳೆ ಮೇಲೆ ಬೇಗ ಹಿಡಿಯುತ್ತೆ, ಸ್ಟೇನ್‌ಲೆಸ್ ಸ್ಕ್ರೂ ಅಥವಾ ಆನೊಡೈಸ್ ಆಗಿರೋ ಅಲ್ಯೂಮಿನಿಯಂ ಆದ್ರೆ ನಿಧಾನ. ಕೆಲವೇ ನಿಮಿಷದಲ್ಲಿ ಹಿಡಿದಂಗೆ ಕಂಡ್ರೂ ಪೂರ್ತಿ ಬಲ ಬರೋಕೆ ಸುಮಾರು 24 ಗಂಟೆ ಬೇಕು, ಅಲ್ಲಿ ತನಕ ರೈಫಲ್ ಮುಟ್ಬೇಡಿ.

ಒಂದು ಹನಿ ಸಾಕು. ಜಾಸ್ತಿ ಹಾಕಿದ್ರೆ ಹೆಚ್ಚುವರಿ ಹೊರಗೆ ಹರಿದು ಟ್ರಿಗರ್ ಕಡೆ ಹೋಗೋ ಭಯ, ಇನ್ನು ಪ್ಲಾಸ್ಟಿಕ್ ಸ್ಟಾಕ್ ಆದ್ರೆ ಇನ್ನೂ ಹುಷಾರು, ಕೆಲವು ಪ್ಲಾಸ್ಟಿಕ್‌ಗೆ ಇದು ತಾಗಿದ್ರೆ ಬಿರುಕು ಬಿಡುತ್ತೆ. ಒದ್ದೆ ಥ್ರೆಡ್ ಸಲೀಸಾಗಿ ತಿರುಗೋದ್ರಿಂದ ಕೈಗೆ ಗೊತ್ತಾಗದಂಗೆ ಜಾಸ್ತಿ ಟೈಟ್ ಆಗಿಬಿಡುತ್ತೆ, ಮಾಮೂಲಿಗಿಂತ ಸ್ವಲ್ಪ ಕಮ್ಮಿ ಬಿಗಿ ಮಾಡಿ.

ಕೆಂಪು ಬಣ್ಣದ್ದು ತುಂಬಾ ಸ್ಟ್ರಾಂಗ್ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ ದಯವಿಟ್ಟು. ಅದನ್ನ ಬಿಚ್ಚೋಕೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸ್ಬೇಕು, ಪಕ್ಕದಲ್ಲೇ ಮರದ ಸ್ಟಾಕ್ ಇಟ್ಕೊಂಡು ಹೆಂಗೆ ಕಾಯಿಸ್ತೀರಾ? ನೀಲಿ ಮಾಮೂಲಿ ಸ್ಕ್ರೂಡ್ರೈವರ್, ಅಲೆನ್ ಕೀಗೇ ಬಿಚ್ಚುತ್ತೆ. ಸ್ಕೋಪ್ ಕೂರಿಸೋ ಮೌಂಟಿನಂಥ ಚಿಕ್ಕ ಸ್ಕ್ರೂಗೆ ನೀಲಿನೂ ಜಾಸ್ತಿನೇ, ಅಲ್ಲಿ ನೇರಳೆ ಬಣ್ಣದ 222 ಸರಿ, ಎಂ6ಗಿಂತ (6 ಮಿ.ಮೀ. ದಪ್ಪ) ಸಣ್ಣ ಸ್ಕ್ರೂಗೆ ಅಂತಾನೇ ಇರೋದು ಅದು.

ಈಗ ಇದರ ಮಿತಿ, ಇದನ್ನ ಯಾರೂ ಬಿಡಿಸಿ ಹೇಳಲ್ಲ. ಲಾಕ್‌ಟೈಟ್ ಹಿಡಿಯೋದು ಲೋಹದ ಥ್ರೆಡ್ಡನ್ನ, ಮರವನ್ನಲ್ಲ. ಸ್ಕ್ರೂ ತಲೆ ಕೆಳಗೆ ಮರ ಅದುಮಿ ಒಳಕ್ಕೆ ಹೋದ್ರೆ, ಇಲ್ಲಾ ಹವಾ ಒಣಗಿ ಮರ ಕುಗ್ಗಿದ್ರೆ, ಸ್ಕ್ರೂ ಒಂಚೂರೂ ತಿರುಗದೇನೇ ಸ್ಟಾಕ್ ಅಲ್ಲಾಡುತ್ತೆ, ಅಂಟು ತನ್ನ ಕೆಲಸ ಸರಿಯಾಗೇ ಮಾಡಿರುತ್ತೆ, ಬಿಗಿತ ಮಾತ್ರ ಇರಲ್ಲ. ಅಂಥ ಕಡೆ ತಲೆ ಕೆಳಗೆ ಬಟ್ಟಲಿನಾಕಾರದ ಲೋಹದ ವಾಷರ್ ಇರ್ಲೇಬೇಕು, ಒತ್ತಡ ಅಗಲಕ್ಕೆ ಹಂಚುತ್ತೆ. ಬೋಲ್ಟ್ ರೈಫಲ್‌ಗಳಲ್ಲಿ ಸ್ಕ್ರೂ ಸುತ್ತ ಮರದೊಳಗೆ ಅಲ್ಯೂಮಿನಿಯಂ ಕೊಳವೆ ಕೂರಿಸೋದು, ಅದೇ ಪಿಲ್ಲರ್ ಬೆಡ್ಡಿಂಗ್, ಇದೇ ತೊಂದರೆಗೆ. ಮರಕ್ಕೆ ನೇರವಾಗಿ ಹೋಗೋ ಮರದ ಸ್ಕ್ರೂಗೆ ಈ ಬಾಟ್ಲಿ ಪ್ರಯೋಜನಕ್ಕೆ ಬರಲ್ಲ.

ಟೈಟ್ ಮಾಡಿದ್ಮೇಲೆ ಸ್ಕ್ರೂ ತಲೆಯಿಂದ ಪಕ್ಕದ ವಾಷರ್ ತನಕ ನೇಲ್ ಪಾಲಿಶಲ್ಲಿ ಒಂದು ಸಣ್ಣ ಗೆರೆ ಎಳೀರಿ. ಗೆರೆ ತುಂಡಾಗಿ ಸರಿದಿದ್ರೆ ಸ್ಕ್ರೂ ತಿರುಗಿದೆ, ಗೆರೆ ಹಂಗೇ ಇದ್ದು ಸ್ಟಾಕ್ ಅಲ್ಲಾಡ್ತಿದ್ರೆ ಮರ ಕುಗ್ಗಿದೆ. ತಿರುಗಿದ್ರೆ ಮೇಲಿಂದ ಮೇಲೆ ಹನಿ ಹಾಕ್ಬೇಡಿ, ಬಿಚ್ಚಿ ತಂತಿ ಬ್ರಷ್ಷಲ್ಲಿ ಹಳೇ ಅಂಟಿನ ಪುಡಿ ಎಲ್ಲಾ ತೆಗೆದು ಹೊಸದಾಗಿ ಹಾಕಿ.