ಸಾವಿರ ರೂಪಾಯಿಯ ನೆಕ್‌ಬ್ಯಾಂಡ್: ಡಗ್ಗಾ ಮುಂದೆ, ದನಿ ಹಿಂದೆ

ಹುಬ್ಬಳ್ಳಿಯ ಮೊಬೈಲ್ ಅಂಗಡಿಯಲ್ಲಿ ಸಾವಿರದ ಆಸುಪಾಸಿನ ನೆಕ್‌ಬ್ಯಾಂಡ್ (ಕೊರಳಿಗೆ ಹಾಕುವ ಬ್ಲೂಟೂತ್ ಇಯರ್‌ಫೋನ್) ಕೇಳಿದರೆ ಮೊದಲು ಬರುವ ಮಾತು ‘ಬೇಸ್ ಭಾಳ ಐತ್ರೀ’. ಮಾತು ಸುಳ್ಳಲ್ಲ, ತೊಂದರೆ ಇರುವುದೂ ಅಲ್ಲೇ. ಈ ಬೆಲೆಯ ಹೆಚ್ಚಿನ ಮಾಡೆಲ್‌ಗಳಲ್ಲಿ 10 ಮಿ.ಮೀ. ಆಸುಪಾಸಿನ ಡ್ರೈವರ್ (ದನಿ ಹೊರಡಿಸುವ ಪುಟ್ಟ ಸ್ಪೀಕರ್) ಇಟ್ಟು, ಬೇಸ್ ಅಂದರೆ ಕೆಳಗಿನ ದನಿಯನ್ನು ಬೇಕೆಂದೇ ಎತ್ತಿರುತ್ತಾರೆ. ಡಿಜೆ ಹಾಡಿಗೆ ನಡೆಯುತ್ತದೆ. ಗಂಗೂಬಾಯಿ ಹಾನಗಲ್ಲರ ಖಯಾಲ್ ಹಾಕಿ ನೋಡಿ: ತಬಲಾ ಜೋಡಿಯ ಡಗ್ಗಾ ಗುಮ್ಮೆಂದು ಮುಂದೆ ನುಗ್ಗುತ್ತದೆ, ತಂಬೂರಿಯ ಝೇಂಕಾರ ಮಸುಕಾಗುತ್ತದೆ, ಮೊದಲೇ ಘನವಾದ ಅವರ ದನಿ ಗಡಿಗೆಯೊಳಗಿಂದ ಬಂದಂತಿರುತ್ತದೆ.

ಇದನ್ನು ಸ್ವಲ್ಪ ಸರಿಪಡಿಸಬಹುದು. ಫೋನಿನಲ್ಲಿ ದನಿಯ ಏರಿಳಿತ ಹೊಂದಿಸುವ ಐದು ಪಟ್ಟಿಯ ಈಕ್ವಲೈಸರಿನಲ್ಲಿ 60 ಹರ್ಟ್ಜ್ ಅನ್ನು 3 ಡೆಸಿಬೆಲ್, 230 ಅನ್ನು 4 ಡೆಸಿಬೆಲ್ ಇಳಿಸಿ, 3.6 ಕಿಲೋಹರ್ಟ್ಜ್ ಅನ್ನು 2 ಏರಿಸಿ. 14 ಕಿಲೋಹರ್ಟ್ಜ್ ಪಟ್ಟಿಗೆ ಕೈಹಚ್ಚಬೇಡಿ, ಹಳೆಯ ಮುದ್ರಣಗಳ ಸುಯ್ಯೆನ್ನುವ ಸದ್ದು ಏಳುತ್ತದೆ.

ಬೇಸ್ ಇಲ್ಲವೇ ಇಲ್ಲ, ತಗಡಿನಂತೆ ಕೇಳುತ್ತದೆ ಎನ್ನುವವರೂ ಇದ್ದಾರೆ. ಅವರು ಈಕ್ವಲೈಸರಿಗಿಂತ ಮೊದಲು ರಬ್ಬರ್ ಟಿಪ್ ಬದಲಿಸಬೇಕು. ಟಿಪ್ ಕಿವಿಯನ್ನು ಬಿಗಿಯಾಗಿ ಮುಚ್ಚದಿದ್ದರೆ ಮೊದಲು ಸೋರಿಹೋಗುವುದೇ ಬೇಸ್. ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಾಕಿಕೊಂಡು ಮಾತಾಡಿ. ನಿಮ್ಮ ದನಿ ನಿಮಗೇ ತಲೆಯೊಳಗೆ ಗುಂಯ್ ಎಂದರೆ ಅಳತೆ ಸರಿ. ಎಡಕ್ಕೊಂದು, ಬಲಕ್ಕೊಂದು ಅಳತೆ ಬೇಕಾಗುವುದೂ ಉಂಟು.

ಒಂದೇ ಕಡೆ ದನಿ ಕುಗ್ಗಿದರೆ ಜಾಲರಿಯಲ್ಲಿ ಗುಗ್ಗೆ ಕೂತಿರುವ ಸಂಭವವೇ ಹೆಚ್ಚು. ಟಿಪ್ ತೆಗೆದು, ಜಾಲರಿ ಕೆಳಮುಖವಾಗಿರುವಂತೆ ಹಿಡಿದು, ಒಣ ಮೆತ್ತನೆಯ ಟೂತ್‌ಬ್ರಷ್ಷಿನಿಂದ ಉಜ್ಜಿ. ಸೂಜಿ ಬೇಡ. ಗೋಕುಲ ರಸ್ತೆಯ ಲೇತ್ ಶೆಡ್ಡುಗಳಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಕಾಟ: ಒಂದಕ್ಕೊಂದು ಅಂಟುವ ಆ ಅಯಸ್ಕಾಂತದ ಬಡ್‌ಗಳು ಕಬ್ಬಿಣದ ಪುಡಿಯನ್ನೂ ಎಳೆಯುತ್ತವೆ. ಪುಡಿ ಒಳಗೆ ಹೋಗಿ ದನಿ ಹುಟ್ಟಿಸುವ ತೆಳು ಪರದೆಗೆ ತಾಗಿದರೆ ಕರಕರ ಶುರು. ಹೊರಗೆ ಅಂಟಿದ್ದನ್ನು ಟೇಪ್ ಒತ್ತಿ ತೆಗೆಯಬಹುದು, ಒಳಗೆ ಹೋದದ್ದು ಹೋಯಿತು.

ಡಬ್ಬದ ಮೇಲಿನ ‘ಇಎನ್‌ಸಿ’ ನಂಬಿ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನಲ್ಲಿ ಗದ್ದಲ ಅಡಗುತ್ತದೆಂದು ಕೊಂಡವರು ಮೋಸಹೋಗುತ್ತಾರೆ. ಅದು ಆಚೆಯವರಿಗೆ ನಿಮ್ಮ ಮಾತು ಚೊಕ್ಕವಾಗಿ ಕೇಳಲೆಂದು ಮೈಕಿಗೆ ಇರುವ ಸೌಲಭ್ಯ. ನಿಮ್ಮ ಕಿವಿಗೆ ಬೇಕಾದದ್ದು ‘ಎಎನ್‌ಸಿ’. ಇನ್ನು ಲ್ಯಾಪ್‌ಟಾಪ್ ಮೀಟಿಂಗಿನಲ್ಲಿ ದನಿ ಹಳೆಯ ಲ್ಯಾಂಡ್‌ಲೈನಿನಂತಾಗುವುದು ನೆಕ್‌ಬ್ಯಾಂಡ್ ಕೆಟ್ಟಿದ್ದರಿಂದಲ್ಲ. ಮೈಕ್ ಚಾಲೂ ಆದೊಡನೆ ಬ್ಲೂಟೂತ್ ಸ್ಟೀರಿಯೋ ಬಿಟ್ಟು ಕರೆಯ ಮೋಡ್‌ಗೆ ಇಳಿಯುತ್ತದೆ. ಸೆಟ್ಟಿಂಗಿನಲ್ಲಿ ಮೈಕ್ ಲ್ಯಾಪ್‌ಟಾಪಿನದು, ಸ್ಪೀಕರ್ ನೆಕ್‌ಬ್ಯಾಂಡಿನದು ಎಂದು ಆರಿಸಿದರೆ ದನಿ ಮರಳುತ್ತದೆ.

ಕೊರಳಿನ ಕಿರಿಕಿರಿಗೆ ಇಂಥ ಉಪಾಯಗಳು ಕಡಿಮೆ. ವೈರ್ ಗಿಡ್ಡವಿದ್ದರೆ ಕತ್ತು ತಿರುಗಿಸಿದಾಗೆಲ್ಲ ಟಿಪ್ ಸಡಿಲಾಗುತ್ತದೆ. ಉದ್ದವಿದ್ದರೆ ಕಾಲರಿಗೆ ಉಜ್ಜಿ ಆ ಸರಸರ ನೇರ ಕಿವಿಗೇ ಬರುತ್ತದೆ. ಅಂಗಡಿಯಲ್ಲೇ ಹಾಕಿಕೊಂಡು ಎರಡೂ ಕಡೆ ಪೂರ್ತಿ ತಿರುಗಿ ನೋಡಿ. ಬ್ಯಾಟರಿ ಒಂದು ತುದಿಗೆ, ಸರ್ಕ್ಯೂಟ್ ಬೋರ್ಡ್ ಇನ್ನೊಂದಕ್ಕೆ ಇರುವ ಮಾಡೆಲ್‌ಗಳಲ್ಲಿ ತೂಕ ಸರಿಹೊಂದದೆ ಪಟ್ಟಿ ಒಂದೇ ಕಡೆ ಜಾರುತ್ತದೆ. ಏಪ್ರಿಲ್ ಬಿಸಿಲಿಗೆ ಸಿಲಿಕೋನ್ ಪಟ್ಟಿ ಬೆವರಿಗೆ ಅಂಟುತ್ತದೆ, ಕಾಲರಿನ ಮೇಲೆ ಹಾಕುವುದೇ ಲೇಸು.

ಡಬ್ಬದ ಮೇಲಿನ ಐಪಿಎಕ್ಸ್5 ಅಂದರೆ ನೀರು ಚಿಮ್ಮಿದರೆ ತಡೆಯುತ್ತದೆ ಎಂದಷ್ಟೇ. ಬೆವರಿನ ಉಪ್ಪು ಚಾರ್ಜಿಂಗ್ ಪಿನ್ನನ್ನು ತಿನ್ನುತ್ತದೆ, ಒರೆಸಿ ಒಣಗಿಸಿಯೇ ಚಾರ್ಜಿಗೆ ಹಚ್ಚಿ. ಎರಡೂ ತುದಿ ಟೈಪ್-ಸಿ ಇರುವ ಕೇಬಲಿಗೆ ಚಾರ್ಜ್ ಆಗದಿದ್ದರೆ ಹೆದರಬೇಡಿ. ಅಗ್ಗದ ಬೋರ್ಡುಗಳಲ್ಲಿ ಅದಕ್ಕೆ ಬೇಕಾದ 5.1 ಕಿಲೋಓಮ್ ರೆಸಿಸ್ಟರ್ ಹಾಕದೆ ಕಾಸು ಉಳಿಸಿರುತ್ತಾರೆ. ಹಳೆಯ ಅಗಲ ಯುಎಸ್‌ಬಿ ತುದಿಯ ಕೇಬಲ್ ಸಾಕು. ಮಡಚಿ ಜೇಬಿಗೆ ತುರುಕುವವರ ವೈರ್ ಮಾತ್ರ ಪಟ್ಟಿಯೊಳಗೆ ಹೋಗುವ ಬುಡದಲ್ಲೇ ತುಂಡಾಗುತ್ತದೆ, ಆ ಜಾಗದಲ್ಲಿ ಬೆಸುಗೆ ಹೆಚ್ಚು ದಿನ ನಿಲ್ಲುವುದಿಲ್ಲ.